ಗಟ್ಟಿಮೇಳ ನಿಲ್ಲಿಸಿದ ಡೋಲಿನವರು

ಓದಿ ಕಣ್ಣೊರೆಸಿಕೊಳ್ಳಿ ಅಂತ ಇದನ್ನು ಕಳಿಸುತ್ತಿಲ್ಲ... ಸ್ವಲ್ಪ ನಾಚಿಕೆಪಟ್ಟರೆ ಸಾಕು.

ಹೋದ ತಿಂಗಳು ತಿಪಟೂರಿನಲ್ಲಿ ನನ್ನ ತಂಗಿಯ ಮಗನ ಮದುವೆ. ಹುಡುಗಿ ಶ್ರಾವ್ಯ, ತಾಯಿಯಿಲ್ಲದವಳು. ಸಾಕಿ ಓದಿಸಿದವಳು ಅಕ್ಕ ಭಾರ್ಗವಿ.

ತಂಗಿಯ ಕೊರಳಿಗೆ ತಾಳಿ ಕಟ್ಟುವಾಗ ಪಕ್ಕದಲ್ಲಿ ನಿಂತು ನೋಡಬೇಕು... ಆ ಅಕ್ಕನಿಗೆ ಇದ್ದದ್ದು ಅದೊಂದೇ ಆಸೆ.

ಭಾರ್ಗವಿಯ ಮಗಳು ಲಾಸ್ಯಳಿಗೆ ಐದು ವರ್ಷ. ಜೋರು ಶಬ್ದ, ಜಗಮಗ ಲೈಟು, ಜನಜಂಗುಳಿ... ಇವನ್ನು ಆ ಮಗು ತಡೆದುಕೊಳ್ಳಲಾರದು.

ಅದಕ್ಕೇ ಭಾರ್ಗವಿ ಹಿಂದಿನ ದಿನವೇ ಮಗಳನ್ನು ಖಾಲಿ ಛತ್ರಕ್ಕೆ ಕರೆತಂದು ಓಡಾಡಿಸಿದ್ದಳು. ಮದುವೆಯ ದಿನ ಶಬ್ದ ತಡೆಯುವ ದೊಡ್ಡ ಹೆಡ್‌ಫೋನ್ ಹಾಕಿ ಮಂಟಪದ ಬದಿಯಲ್ಲಿ ಕೂರಿಸಿಕೊಂಡಿದ್ದಳು.

ಆದರೆ ನಮ್ಮ ಕಡೆಯವರ ಬಾಯಿ ಸುಮ್ಮನಿರಬೇಕಲ್ಲ...

ಮೊಬೈಲ್ ಕೊಡದೆ ತನ್ನ ಮಗನಿಗೆ ಒಂದು ತುತ್ತೂ ತಿನ್ನಿಸಲಾರದ ಮಹಾತಾಯಿ, ಮಕ್ಕಳನ್ನು ಬೆಳೆಸುವುದು ಹೇಗೆಂದು ಭಾಷಣ ಬಿಗಿದಳು. ಮನೆಯಲ್ಲಿ ಟಿವಿ ಸೌಂಡು ಜಾಸ್ತಿಯಾದರೆ ಕುಣಿದಾಡುವ ಮಹಾಶಯರು, ಮಗುವಿಗೆ ಶಬ್ದ ಅಭ್ಯಾಸ ಮಾಡಿಸಬೇಕು ಅಂದರು.

ಪುಕ್ಕಟೆ ಸಲಹೆಗೆ ನಮ್ಮಲ್ಲಿ ಬರಗಾಲವೇ?

ಇನ್ನು ನನ್ನ ಘನಕಾರ್ಯ ಕೇಳಿ...

ಮೂವತ್ತೆರಡು ವರ್ಷ ಟೀಚರ್ ಆಗಿ ನೂರಾರು ಮಕ್ಕಳನ್ನು ತಿದ್ದಿದ ಗರ್ವ ನನಗೆ. ಭಾರ್ಗವಿ ಆರತಿ ತಟ್ಟೆ ತರಲು ಎದ್ದ ಹೊತ್ತು ನೋಡಿ, ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತದೆಂದು ಆ ಹೆಡ್‌ಫೋನ್ ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಅಂತರಪಟ ಸರಿಯಿತು... ಮೊದಲ ಗಟ್ಟಿಮೇಳ ಮೊಳಗಿತು.

ಲಾಸ್ಯ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದಳು. ಅದು ಹಟದ ಅಳುವಲ್ಲ... ಮೈಮೇಲೆ ಬಿಸಿನೀರು ಬಿದ್ದವರ ಚೀರಾಟ.

ಈಗ ನಮ್ಮ ಜಾಣತನ ನೋಡಿ. ಮುಹೂರ್ತದಲ್ಲಿ ಅಳು, ಸೀನು ಕೇಳಿಸಿದರೆ ಅಪಶಕುನ. ಅದನ್ನು ಮುಚ್ಚಲೆಂದೇ ಗಟ್ಟಿಮೇಳ.

ಮಗು ಕಿರುಚಿದಷ್ಟೂ ನಾವೆಲ್ಲ ಬೆರಳಾಡಿಸಿ ಇನ್ನೂ ಜೋರಾಗಿ ಬಾರಿಸಿ ಎಂದೆವು... ಜೋರಾದಷ್ಟೂ ಮಗು ಕಿರುಚಿತು. ಬೆಂಕಿ ಆರಿಸಲು ಸೀಮೆಎಣ್ಣೆ ಸುರಿಯುವ ಬುದ್ಧಿವಂತರು ನಾವು.

ಹಿರಿಯರೆಲ್ಲ ಮುಟ್ಟಿ ಕೊಟ್ಟ ತಾಳಿ ಮಂಟಪಕ್ಕೆ ಬಂತು. ಓಡಿ ಬಂದ ಭಾರ್ಗವಿಗೆ, ಮಗುವನ್ನು ಹೊರಗೆ ಎತ್ತಿಕೊಂಡು ಹೋಗು ಅಂತ ಗದರಿದವಳೂ ನಾನೇ.

ಅವಳು ಮಗಳನ್ನು ಎದೆಗವಚಿಕೊಂಡು ಬಾಗಿಲ ಕಡೆ ನಡೆದಳು. ಹಸೆಮಣೆಯಿಂದ ತಂಗಿ ನೋಡುತ್ತಲೇ ಇದ್ದಳು...

ಆಗ ಡೋಲಿನ ಮುನಿವೆಂಕಟಪ್ಪನವರು ಕೋಲು ಕೆಳಗಿಟ್ಟರು.

ಪುರೋಹಿತರು ಬೆರಳಾಡಿಸಿದರೂ ಮುಟ್ಟಲಿಲ್ಲ. ನಾನು ರೇಗಿದೆ. ಮುಹೂರ್ತದಲ್ಲಿ ಅಳು ಕೇಳಿಸಬಾರದು ಅನ್ನುವುದು ಗೊತ್ತಿಲ್ಲವೇ ಎಂದೆ.

ಅವರು ತಣ್ಣಗೆ ಹೇಳಿದರು.

"ನಲವತ್ತು ವರ್ಷದಿಂದ ಬಾರಿಸ್ತಿದೀನಿ ತಾಯಿ, ಗೊತ್ತಿಲ್ದೆ ಏನು... ಆದ್ರೆ ಆ ಮಗೀನ ಅಳಿಸ್ತಿರೋದೇ ನನ್ ಡೋಲು. ಇನ್ಯಾರ ಅಳು ಮುಚ್ಚಕ್ಕೆ ಅಂತ ಬಾರಿಸ್ಲಿ?"

 

"ಅಕ್ಕ ಬರ್ಲಿ. ಆಮೇಲೆ ತಾಳಿ," ಅಂದಳು ಶ್ರಾವ್ಯ.

ಪುರೋಹಿತರು ಮುಹೂರ್ತ ಮೀರುತ್ತದೆ ಅಂದರು. ಇನ್ನೂ ಹತ್ತು ನಿಮಿಷ ಇದೆಯಲ್ಲ ಅಂತ ಮದುಮಗನೇ ನೆನಪಿಸಿದ.

ನಾನು ಬಾಗಿಲ ಬಳಿಗೆ ಹೋಗಿ, ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ಭಾರ್ಗವಿಗೆ ಕೊಟ್ಟೆ. ಅವಳು ನನ್ನ ಮುಖ ನೋಡಿದಳು, ಅದನ್ನು ಮಗಳ ಕಿವಿಗೆ ಹಾಕಿ ಮಂಟಪಕ್ಕೆ ನಡೆದಳು... ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಗು ಪವಾಡದಂತೆ ಸುಮ್ಮನಾಗಲಿಲ್ಲ. ಅಮ್ಮನ ಹೆಗಲಿಗೆ ಮುಖ ಒತ್ತಿ ಬಿಕ್ಕುತ್ತಲೇ ಇತ್ತು. ಆ ಬಿಕ್ಕುವಿಕೆಯ ನಡುವೆಯೇ, ಬರೀ ಮಂತ್ರದ ದನಿಯಲ್ಲಿ, ತಾಳಿ ಕಟ್ಟಿದ್ದಾಯಿತು.

ಪಕ್ಕದಲ್ಲೇ ನಿಂತ ಅಕ್ಕ ಒಂದು ಕೈಯಲ್ಲಿ ಮಗಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಷತೆ ಹಾಕಿದಳು. ತಂಗಿ ತಡೆಯಲಾರದೆ ಅತ್ತುಬಿಟ್ಟಳು...

ಆ ಅಳು ಕೊನೆಯ ಸಾಲಿನ ಕುರ್ಚಿಯವರೆಗೂ ಕೇಳಿಸಿತು. ಅದನ್ನು ಅಪಶಕುನ ಅನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ.

*ಮಗುವಿನ ಅಳು ಮುಚ್ಚಲು ದನಿ ಏರಿಸುವ ಮೊದಲು, ಅಳಿಸುತ್ತಿರುವವರು ನಾವೇ ಏನೋ ಎಂದು ನೋಡಿಕೊಳ್ಳಬೇಕು.*

ಬಸ್ಸಿನಲ್ಲೋ, ಹೋಟೆಲಿನಲ್ಲೋ, ಮದುವೆಯಲ್ಲೋ ಚೀರುವ ಮಗುವಿನ ತಾಯಿಯನ್ನು ನೀವು ಕೊನೆಯ ಸಲ ಯಾವ ಕಣ್ಣಿನಿಂದ ನೋಡಿದಿರಿ?