ಹಿಡಿಕೆಗೆ ಕಟ್ಟಿದ ಬಟ್ಟೆ

ಚಳಿ ಕಳೆದು ಬಿಸಿಲು ಚುರುಕಾಗುತ್ತಿದ್ದ ಕಾಲ, ಬೆಳಗಿನ ಹನ್ನೊಂದು ಗಂಟೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಮುದಿ ಕಾವಲುಗಾರ ಕಂಪ್ಯೂಟರಿನ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದ. ಪರದೆಯ ಮೇಲೆ ನಾಲ್ಕು ಚೌಕ, ಒಂದೊಂದರ ನೆತ್ತಿಯ ಮೇಲೂ ಒಂದೊಂದು ಹೆಸರು: ಗೇಟು, ಮುಂಬಾಗಿಲು, ಔಷಧಿ ಕೋಣೆ, ಬಟ್ಟೆ ಕೋಣೆ. ಗೇಟಿನ ಚೌಕ ಎರಡು ದಿನದಿಂದ ಕಪ್ಪಾಗಿತ್ತು. ಕ್ಯಾಮೆರಾ ರಿಪೇರಿಯವನು ಬಂದು ವೈರಿನ ಸವೆದ ತುದಿ ಕತ್ತರಿಸಿ ಹೊಸದು ಹಾಕಿದ, ಗೇಟು ಕಾಣಿಸಿತು. ಹೇಗೂ ಬಂದಿದ್ದೇನೆ, ಉಳಿದವನ್ನೂ ನೋಡಿಬಿಡುತ್ತೇನೆ ಎಂದು ಅವನು ಫೋನು ಕಿವಿಗಿಟ್ಟುಕೊಂಡು ಮಹಡಿ ಹತ್ತಿದ.

"ಯಜಮಾನ್ರೆ, ಔಷಧಿ ಕೋಣೆ ಮುಂದೆ ನಿಂತಿದೀನಿ. ಕೈ ಬೀಸ್ತಿದೀನಿ, ಕಾಣ್ತಿದೆಯಾ?"

"ಇಲ್ಲಪ್ಪ. ಬರೀ ಬಾಗಿಲು."

"ಸರಿಯಾಗಿ ನೋಡಿ. ಎರಡು ಕೈನೂ ಎತ್ತಿದೀನಿ."

"ಎತ್ತಿದೀಯ. ಆದ್ರೆ ಬಟ್ಟೆ ಕೋಣೆ ಮುಂದೆ ನಿಂತು ಎತ್ತಿದೀಯ. ಆ ಕಡೆ ತುದಿಗೆ ಹೋಗೋ ಮಹರಾಯ. ಇಷ್ಟು ಓದ್ಕೊಂಡು ಒಂದು ಬೋರ್ಡು ಓದೋಕೆ ಬರಲ್ವಾ?"

"ಬೋರ್ಡು ನನ್ನ ತಲೆ ಮೇಲೇ ಇದೆ ಯಜಮಾನ್ರೆ. ಔಷಧಿ ಕೋಣೆ ಅಂತಲೇ ಬರೆದಿದೆ."

ಕಾವಲುಗಾರ ಮುಂದೆ ಬಾಗಿ ಎರಡೂ ಚೌಕಗಳ ಹೆಸರನ್ನು ಮತ್ತೆ ಓದಿದ. ಒಂದೂವರೆ ತಿಂಗಳ ಹಿಂದೆ ಔಷಧಿ ಕೋಣೆಯಿಂದ ನೋವಿನ ಇಂಜೆಕ್ಷನ್ನಿನ ಎರಡು ಡಬ್ಬ ಕಾಣೆಯಾಗಿದ್ದವು. ಮ್ಯಾನೇಜರು ಇದೇ ಕುರ್ಚಿಯಲ್ಲಿ ಕುಳಿತು ಹಿಂದಿನ ದಿನದ ಚಿತ್ರ ಓಡಿಸಿದಾಗ, ಔಷಧಿ ಕೋಣೆ ಎಂದು ಬರೆದ ಚೌಕದಲ್ಲಿ ಒಬ್ಬ ಬೆನ್ನು ತೋರಿಸಿಕೊಂಡು ಒಳಗೆ ಹೋಗಿ, ಕಂಕುಳಲ್ಲಿ ಗಂಟು ಅವುಚಿಕೊಂಡು ಹೊರಗೆ ಬಂದಿದ್ದ. ರೋಗಿಗಳ ಹಾಸು ಹೊದಿಕೆ ಇಡುವ ಬಟ್ಟೆ ಕೋಣೆಯ ಆಳು ಅವನು, ಕಾವಲುಗಾರನ ಹೆಂಡತಿಯ ಒಡಹುಟ್ಟಿದ ತಮ್ಮ. ಆ ಕೆಲಸ ಕೊಡಿಸಿದವನೂ ಕಾವಲುಗಾರನೇ. "ಭಾವ, ಆ ಕೋಣೆ ಹೊಸಿಲು ನಾನು ತುಳಿದೋನಲ್ಲ" ಎಂದು ಭಾಮೈದ ಗೋಗರೆದಿದ್ದ. "ಕಣ್ಣಾರೆ ಕಂಡಿದೀನಿ ಕಣೋ. ಮೇಲೆ ಅಕ್ಷರದಲ್ಲಿ ಬರೆದೂ ಇದೆ" ಎಂದು ಕಾವಲುಗಾರ ಎಲ್ಲರೆದುರು ಹೇಳಿ, ಮ್ಯಾನೇಜರು ಬರೆಸಿದ ಕಾಗದಕ್ಕೆ ಸಾಕ್ಷಿಯೆಂದು ಸಹಿ ಹಾಕಿದ್ದ. ಎರಡನೇ ತರಗತಿಗೇ ಶಾಲೆ ಬಿಟ್ಟವನು. ಆ ಅಕ್ಷರ ತಾನೇ ಕೂಡಿಸಿ ಓದಿದೆನೆಂಬ ಹೆಮ್ಮೆ ಬೇರೆ. ಭಾಮೈದನ ಕೆಲಸ ಹೋಗಿತ್ತು.

ರಿಪೇರಿಯವನು ಕೆಳಗಿಳಿದು ಬಂದು ಕಂಪ್ಯೂಟರಿನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕುಳಿತ. "ಹೋದ ಸಲ ಧೂಳು ತೆಗೆಯೋಕೆ ಬಂದಾಗ ನಾಲ್ಕೂ ವೈರು ಬಿಚ್ಚಿದ್ದೆ. ವಾಪಸ್ ಹಾಕುವಾಗ ಇವೆರಡು ಅದಲು ಬದಲಾಗಿವೆ. ಹೆಸರು ಮಾತ್ರ ಇದ್ದ ಕಡೇನೇ ಇರುತ್ತೆ, ಯಾವ ವೈರು ಬಂತು ಅಂತ ಕಂಪ್ಯೂಟರಿಗೇನು ಗೊತ್ತು? ಬಾಗಿಲು ನೋಡಿದ್ರೆ ಎರಡೂ ಅವಳಿ ಜವಳಿ. ಆವತ್ತೇ ಹೀಗೆ ಕೈ ಬೀಸಿ ನೋಡಬೇಕಿತ್ತು. ನೋಡದೇ ಹೋದೆ."

"ಆವತ್ತು ಅಂದ್ರೆ ಯಾವತ್ತು?"

ಅವನು ಫೋನಿನಲ್ಲಿ ಹುಡುಕಿ ತಾರೀಖು ಹೇಳಿದ. ಡಬ್ಬ ಕಾಣೆಯಾಗುವುದಕ್ಕೆ ಮೂರು ದಿನ ಮೊದಲು.

"ಹಾಗಾದ್ರೆ ನಿಜವಾಗಿ ಕದ್ದೋರು ಈ ಬಟ್ಟೆ ಕೋಣೆ ಅನ್ನೋದ್ರಲ್ಲಿ ಇರಬೇಕಲ್ಲ. ತೆಗಿ ಅದನ್ನ."

"ಇದ್ದಿರಬೇಕು. ಆದ್ರೆ ಹದಿನೈದು ದಿನಕ್ಕೆ ಹಳೇದು ಅಳಿಸಿ ಹೋಗುತ್ತೆ ಯಜಮಾನ್ರೆ. ಮ್ಯಾನೇಜರು ಎತ್ತಿಟ್ಟಿರೋ ಈ ಒಂದು ತುಂಡು ಮಾತ್ರ ಉಳಿದಿದೆ."

ಆ ತುಂಡನ್ನೇ ಹಾಕಿಸಿದ. ಭಾಮೈದ ಬಂದ, ಬಾಗಿಲಿಗೆ ಕೈ ಇಟ್ಟ. "ನಿಲ್ಲಿಸು" ಎಂದ ಕಾವಲುಗಾರ. ಭಾಮೈದನ ಬೆರಳುಗಳ ಕೆಳಗೆ, ಬಾಗಿಲಿನ ಹಿಡಿಕೆಗೆ, ಕೆಂಪು ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕಿತ್ತು. ಬಟ್ಟೆ ಕೋಣೆಯ ಹಿಡಿಕೆ ಒಡೆದು ಭಾಮೈದನ ಅಂಗೈ ಕೊಯ್ದ ದಿನ ಆ ಪಟ್ಟಿಯನ್ನು ಹರಿದುಕೊಟ್ಟವಳು ಹೆಂಡತಿ, ಸುತ್ತಿ ಕಟ್ಟಿದವನು ತಾನು. ಅಷ್ಟೂ ದಿನ ಅದು ಅಲ್ಲೇ, ಅಕ್ಷರದಿಂದ ನಾಲ್ಕು ಬೆರಳು ಕೆಳಗೆ ಇತ್ತು.

ಕಾವಲುಗಾರ ಮನೆಗೆ ಫೋನು ಒತ್ತಿದ. "ನಿನ್ನ ತಮ್ಮ ಕದ್ದಿಲ್ಲ ಕಣೆ."

ಹೆಂಡತಿ ದನಿ ಏರಿಸಲಿಲ್ಲ. "ನಂಗೆ ಆವತ್ತೇ ಗೊತ್ತಿತ್ತು. ನಿಮಗೆ ಇಷ್ಟು ಹೇಳೋಕೆ ಪರದೇನೇ ಬೇಕಾಯ್ತಾ?"

"ಮ್ಯಾನೇಜರಿಗೆ ನಾನೇ ಹೇಳ್ತೀನಿ ಯಜಮಾನ್ರೆ, ಬರೆದೂ ಕೊಡ್ತೀನಿ. ತಪ್ಪು ನಂದು" ಎಂದ ರಿಪೇರಿಯವನು, ಮುಖ ಎತ್ತದೆ.

"ವೈರಿಂದು ನಿಂದು" ಎಂದ ಕಾವಲುಗಾರ. "ಬಾಗಿಲಿಂದು ನಂದು."

ಎರಡು ವೈರು ಬದಲಾಯಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವುಗಳ ತುದಿಗೆ ಚೀಟಿ ಅಂಟಿಸಿ, ಧೂಳು ಕೊಡವಿ ರಿಪೇರಿಯವನು ಎದ್ದು ನೋಡಿದರೆ ಕುರ್ಚಿ ಖಾಲಿ. ಬೀಗದ ಕೈಯ ಗೊಂಚಲು ಮೇಜಿನ ಮೇಲಿತ್ತು. ಪರದೆಯಲ್ಲಿ, ಈಗ ಸರಿಯಾದ ಹೆಸರಿನ ಕೆಳಗೆ, ಮುದುಕ ಬಟ್ಟೆ ಕೋಣೆಯ ಬಾಗಿಲಿಗೆ ಬಗ್ಗಿ ಆ ಗಂಟು ಬಿಚ್ಚುತ್ತಿದ್ದ. ಅದು ಬೆರಳಿಗೆ ಬಗ್ಗದಿದ್ದಾಗ ಕಡೆಗೆ ಹಲ್ಲು ಹಚ್ಚಿದ. ಭಾಮೈದ ತಲೆ ತಗ್ಗಿಸಿಕೊಂಡು ಊರು ಬಿಟ್ಟದ್ದು ಒಂದು ಸೋಮವಾರ. ಕೆಂಪು ಪಟ್ಟಿಯನ್ನು ಅಂಗೈಗೆ ಸುತ್ತಿಕೊಂಡು ಕಾವಲುಗಾರ ಅವನನ್ನು ಹುಡುಕುತ್ತಾ ಗೇಟು ದಾಟಿದ್ದು ತಿಂಗಳು ಕಳೆದ ಮೇಲಿನ ಒಂದು ಗುರುವಾರ.