ಕಪ್ಪು ಡೇರೆ

ಒಂದೂರಲ್ಲಿ ಒಬ್ಬಳಿದ್ದಳಂತೆ. ಅವಳ ಅಂಗಳದಲ್ಲೊಂದು ಹೂವಿತ್ತಂತೆ. ಅಂಥ ಹೂವು ಸುತ್ತಲ ಸೀಮೆಯಲ್ಲಿ ಯಾರ ಬಳಿಯೂ ಇರಲಿಲ್ಲವಂತೆ. ಬರೀ ಕಥೆಯಾಗಿದ್ದರೆ ಅದನ್ನು ಕದಿಯಲು ರಾಕ್ಷಸನೇ ಬರಬೇಕಿತ್ತು. ಹೊಸನಗರದ ಜಿನಮ್ಮನ ಅಂಗಳಕ್ಕೆ ಬಂದವಳು ಬೇಲಿಯಾಚೆ ಮನೆಯ ಹೂವಮ್ಮ. ಬೇಲಿಬಾಗಿಲ ದಣಪೆ ಸರಿಸಿ ಒಳಗೆ ಕರೆದವಳು ಜಿನಮ್ಮನೇ.

ಜಿನಮ್ಮನಿಗೊಂದು ವ್ರತವಿತ್ತು. ಗೆಡ್ಡೆ ತಿನ್ನುವುದಿಲ್ಲ, ಅಗೆಯುವುದಿಲ್ಲ, ಮುಟ್ಟುವುದೂ ಇಲ್ಲ ಎಂದು ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು ತೊಟ್ಟದ್ದು. ಆದರೆ ತಾಯಿ ಕೊಟ್ಟು ಕಳಿಸಿದ ಕಪ್ಪುಗೆಂಪು ಡೇರೆ ಹೂವು ಹುಟ್ಟುವುದೇ ಗೆಡ್ಡೆಯಿಂದ. ಹಾಗಾಗಿ ಕೈತೋಟ ಇಬ್ಬರದಾಯಿತು. ಯಾವ ಮಡಿಗೆ ಯಾವ ಬಣ್ಣ, ಮಳೆ ಕಳೆದರೆ ಸೇವಂತಿಗೆ ಎಲ್ಲಿ, ಬೇಸಿಗೆಗೆ ಮಲ್ಲಿಗೆ ಚಪ್ಪರ ಯಾವ ಕಡೆ, ಇದು ಜಿನಮ್ಮನ ತೀರ್ಮಾನ. ದೀಪಾವಳಿ ಕಳೆದು ಡೇರೆ ಒಣಗಿದಾಗ ಗೆಡ್ಡೆ ಕಿತ್ತು ಬೂದಿಯಲ್ಲಿಡುವುದು, ಮುಂಗಾರಿಗೆ ಮುಂಚೆ ನೆಡುವುದು ಹೂವಮ್ಮನ ಪಾಲು. ಅಂಗಳದ ಆ ಮೂಲೆ ಜೌಗು, ಡೇರೆ ಮಡಿಯನ್ನು ದಿಬ್ಬಕ್ಕೆ ಹಾಕಣ ಎಂದು ಹೂವಮ್ಮ ವರ್ಷವೂ ಗೊಣಗುವಳು. ಜಗುಲಿಯಲ್ಲಿ ಕೂತರೆ ಹೂ ಕಾಣಬೇಕು ಎಂದು ಜಿನಮ್ಮ ಒಪ್ಪುತ್ತಿರಲಿಲ್ಲ.

ಈ ಮಳೆಗಾಲ ಆ ಮಡಿಯಲ್ಲಿ ಅರಳಿದ್ದು ಹಳದಿ ಡೇರೆ.

"ಇದೆಂತ ಹೂವಮ್ಮ?"

"ಮಣ್ಣು ಕೆಟ್ಟಿರ್ಬೇಕು ಜಿನಕ್ಕ," ಎಂದ ಹೂವಮ್ಮ ಮುಖ ತಿರುಗಿಸಿ ಕಳೆ ಕೀಳತೊಡಗಿದಳು.

ಜಿನಮ್ಮ ನಂಬಿದಳು. ಮದುವೆಯೊಂದಕ್ಕೆಂದು ತೀರ್ಥಹಳ್ಳಿಗೆ ಹೋದವಳು ಹೂವಮ್ಮನ ಮಗಳು ಸುಚಿತ್ರಾಳ ಮನೆ ಹೊಗುವ ತನಕ ನಂಬಿದ್ದಳು. ಅಲ್ಲಿ ಬಾವಿಕಟ್ಟೆಯ ಸುತ್ತ ಕಪ್ಪು ಡೇರೆಯ ಸಾಲು ನಿಂತಿತ್ತು.

"ಚಂದ ಅಲ್ವಾ ದೊಡ್ಡಮ್ಮ? ಈ ವರ್ಷ ಇದ್ರ ಸಲುವಾಗೇ ಅಮ್ಮಂಗೂ ನಂಗೂ ಜಗಳ," ಎಂದು ಸುಚಿತ್ರಾ ಕಾಫಿ ಲೋಟ ಕೈಗಿಟ್ಟಳು.

ಜಿನಮ್ಮ ಲೋಟವನ್ನು ಬಾವಿಕಟ್ಟೆಯ ಮೇಲಿಟ್ಟು ಹೊರಟಳು. ವಾಪಸು ಬಸ್ಸಿನಲ್ಲಿ ಒಂದೊಂದೇ ನೆನಪಾಯಿತು. ಮುಂಗಾರಿಗೆ ಮೊದಲು ಹೂವಮ್ಮ ಒಂದು ವರ್ಷವೂ ತಪ್ಪದೆ ಮಗಳ ಮನೆಗೆ ಹೋಗುತ್ತಿದ್ದಳು. ಬರುವಾಗ ಚೀಲ ಮಣ್ಣುಮಣ್ಣಾಗಿರುತ್ತಿತ್ತು. ನೆಡುವ ದಿನ "ನೀವು ಬಸದಿಗೆ ಹೋಗ್ಬನ್ನಿ" ಎಂದು ಸಾಗಹಾಕುತ್ತಿದ್ದಳು.

"ಕದ್ದೆಯಾ?" ಜಿನಮ್ಮ ಬೇಲಿಯ ಬಳಿಯೇ ಕೇಳಿದಳು.

"ಹೌದು ಜಿನಕ್ಕ. ಸುಚಿತ್ರನ ಮದ್ವೆ ವರ್ಷ, ಒಂದು ಗೆಡ್ಡೆ. ಕೇಳಿ ತಂದ ಹೂವಿನ ಗಿಡ ಹತ್ತಲ್ಲ ಅಂತಾರಲ್ಲ."

"ಕೇಳಿದ್ರೆ ನಾ ಕೊಡ್ತಿರ್ಲಿಲ್ವ?"

"ಕೊಡ್ತಿದ್ರಿ. ಅದ್ಕೇ ಕೇಳ್ಲಿಲ್ಲ."

"ಒಂದೇ ಕದ್ದಿದ್ರೆ ನನ್ನವೆಲ್ಲ ಎಲ್ಲಿಗೆ ಹೋದ್ವು?"

ಹೂವಮ್ಮನ ಕಣ್ಣು ಜೌಗು ಮೂಲೆಯತ್ತ ಹೋಗಿ ಬಂತು.

"ಇನ್ನು ಈ ದಣಪೆ ದಾಟ್ಬೇಡ," ಎಂದಳು ಜಿನಮ್ಮ. ಒಂದೇ ಬಟ್ಟಲಿನ ಎಲೆಯಡಿಕೆ ಹಾಕಿಕೊಂಡು ಬೆಳೆದ ಗೆಳೆತನ ಅಷ್ಟಕ್ಕೆ ಮುಗಿಯಿತು.

ಸಾಗರದಲ್ಲಿ ಮಗಳು ಜಿನಶ್ರೀ ಹೊಸ ಮನೆಯ ಮುಂದೆ ಕೈತೋಟ ಮಾಡುತ್ತಿದ್ದಳು. ಅಜ್ಜಿಯ ಹೂವಿಗೆಂದು ನಡುಮಡಿಯನ್ನು ಖಾಲಿ ಬಿಟ್ಟಿದ್ದಳು. ಜಿನಮ್ಮ ಅವಳಿಗೆ ಫೋನಿನಲ್ಲಿ ಮಾತು ಕೊಟ್ಟಳು: "ಒಂದೂ ಬಿಡದೆ ಕಿತ್ತು ತರ್ತೀನಿ."

"ನೀನು ಗೆಡ್ಡೆ ಮುಟ್ಟಲ್ವಲ್ಲಮ್ಮ?"

"ಈಗ ಮುಟ್ತೀನಿ."

ದೀಪಾವಳಿ ಕಳೆಯಿತು. ಜಿನಮ್ಮ ಗುದ್ದಲಿ ಹಿಡಿದು ತೀರ್ಥಹಳ್ಳಿಗೆ ಬಂದಳು. "ನಿಮ್ಮಮ್ಮ ಹೊತ್ತು ಸಾಗಿಸಿದ್ದನ್ನ ವಾಪಸ್ ಒಯ್ತೀನಿ," ಎಂದಳು. ಸುಚಿತ್ರಾ ತಡೆಯಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

ಮೊದಲ ಏಟಿಗೇ ವ್ರತ ಮುರಿಯಿತು. ಜಿನಮ್ಮನ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. ಮಂಡಿಯೂರಿ, ಗುಂಡಿ ಗುಂಡಿಗೂ ಬೆರಳಿಳಿಸಿ, ಉಗುರಲ್ಲಿ ಮಣ್ಣು ಕೆರೆದು ತಡಕಿದಳು. ಕೊನೆಯ ಗೆಡ್ಡೆಯೂ ಚೀಲಕ್ಕೆ ಬಿತ್ತು. ಬಾಯಿ ಬಿಗಿದು ಕಟ್ಟಿ ಎದ್ದಳು.

"ಮುಗೀತಾ ದೊಡ್ಡಮ್ಮ?" ಎಂದಳು ಸುಚಿತ್ರಾ. "ಅಮ್ಮ ನಿಮ್ಮಲ್ಲಿಂದ ತಂದದ್ದು ಆ ಒಂದೇ ಗೆಡ್ಡೆ. ನಿಮ್ಮ ಜೌಗಲ್ಲಿ ಅವು ವರ್ಷ ವರ್ಷವೂ ಕೊಳೀತಿದ್ವು, ನಿಮ್ಗೆ ಹೇಳೋಕೆ ಮನ್ಸು ಬಾರದೆ ಅವ್ಳು ಇಲ್ಲಿಂದ ಹೊತ್ಕೊಂಡು ಹೋಗಿ ಅಲ್ಲಿ ನೆಡ್ತಿದ್ಲು. ಈ ವರ್ಷ ನಾನೇ ಕೊಡಲ್ಲ ಅಂದೆ."