ಅರೆದು ಕುಡಿದ ಯಂತ್ರ

ಕಂಪನಿಯ ಮುಖ್ಯಸ್ಥ ತ್ರಿವಿಕ್ರಮರಾಯರು ಹೊಸ ಸರ್ವರುಗಳ ಮುಂದೆ ನಿಂತು ಭಾಷಣ ಬಿಗಿದರು.

"ಇನ್ಮೇಲೆ ನಿರ್ಧಾರವೆಲ್ಲ ಎಐದೇ. ನನ್ನ ಹಳೇ ಮೇಲ್‌ಗಳನ್ನೆಲ್ಲ ಅದಕ್ಕೆ ಅರೆದು ಕುಡಿಸಿದ್ದೀನಿ. ಥೇಟ್ ನನ್ನ ಹಾಗೇ ಯೋಚಿಸತ್ತೆ."

ಅಷ್ಟರಲ್ಲಿ ಸರ್ವರ್ ಮೇಲಿದ್ದ ನಿಂಬೆಹಣ್ಣು ಕಣ್ಣಿಗೆ ಬಿತ್ತು.

"ಯಾರಮ್ಮ ಇದನ್ನಿಟ್ಟಿದ್ದು? ಎಐ ಕಾಲದಲ್ಲೂ ಇಂಥ ಮೂಢನಂಬಿಕೆನಾ?"

ಎಂಜಿನಿಯರ್ ಮಂದಾಕಿನಿ ಹಣ್ಣನ್ನು ಬ್ಯಾಗಿಗೆ ಹಾಕಿಕೊಂಡಳು.

ರಾಯರು ಎಲ್ಲರೆದುರು ಮೊದಲ ಪ್ರಶ್ನೆ ಟೈಪ್ ಮಾಡಿದರು: "ಹೊಸ ಡೇಟಾ ಸೆಂಟರ್ ಕಟ್ಟೋಣವೇ?"

ಪರದೆ ಸುಮ್ಮನಿತ್ತು.

"ಯಾಕಮ್ಮ, ಕೆಟ್ಟೋಯ್ತಾ?"

"ಇಲ್ಲ ಸಾರ್, ಸರಿಯಾಗೇ ಇದೆ. ನಿಮ್ಮ ಹಾಗೇ ಯೋಚಿಸ್ತಿದೆ."

ಕೊನೆಗೂ ದೊಡ್ಡ ಪರದೆಯ ಮೇಲೆ ಉತ್ತರ ಮೂಡಿತು: "ರಾಹುಕಾಲ ಮುಗೀಲಿ, ಹೇಳ್ತೀನಿ. ಅಲ್ಲೀತನಕ ಯಾರಾದ್ರೂ ಕೇಳಿದ್ರೆ ಸಾಹೇಬ್ರು ಮೀಟಿಂಗಲ್ಲಿದ್ದಾರೆ ಅನ್ನಿ."